ಎಂಟರ್ ಒತ್ತುವ ಮೊದಲು

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಹಿಂದೆ ಲೇತ್ ಯಂತ್ರದ ಮೇಲೆ ದುಡಿಯುತ್ತಿದ್ದಾಗ ಹೋಯಿತಂತೆ. ಆ ಬೋಳು ಬೆರಳನ್ನು ಎಂಟರ್ ಕೀಲಿಯ ಮೇಲೆ ಮುಟ್ಟಿಯೂ ಮುಟ್ಟದಂತೆ ಹಿಡಿದು, ಪರದೆಯ ಸಾಲನ್ನು ಕೊನೆಯವರೆಗೆ ಗಟ್ಟಿಯಾಗಿ ಓದಿ, ಆಮೇಲಷ್ಟೇ ಒತ್ತುತ್ತಿದ್ದರು. ಮದುವೆಯಾಗಿ ಮೈಸೂರಿನಿಂದ ಮುಂಬೈಗೆ ಬಂದ ನನಗೆ, ವಿಕ್ರೋಳಿಯ ಆ ಸಣ್ಣ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಅವರೇ ಸೂಪರ್‌ವೈಸರ್, ಅವರೇ ಗುರು.

ವಿಜಾಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ಕಾರ್ಖಾನೆಯಲ್ಲಿ ಹಿಂದಿ, ನನ್ನೊಡನೆ ಮಾತ್ರ ಕನ್ನಡ. ಆಗ ಮೌಸ್ ಇರಲಿಲ್ಲ. ಯಾವ ಕಡತ ಎಲ್ಲಿಗೆ ಹೋಗಬೇಕೆಂದು ಟೈಪು ಮಾಡಿಯೇ ಹೇಳಬೇಕು. ಕಡತಗಳನ್ನಿಡುವ ಡೈರೆಕ್ಟರಿಗೆ ಅವರು ಖೋಲಿ, ಎಂದರೆ ಕೋಣೆ, ಎನ್ನುತ್ತಿದ್ದರು. ನಾನೋ ಹುಟ್ಟಾ ಧಾವಂತದವಳು.

"ತಂಗಿ, ಮದಲ ಖೋಲಿ ಮಾಡು, ಬಾಗಲಾ ತಗದು ನೋಡು, ಆಮ್ಯಾಲ ಸಾಮಾನ ಕಳಸು. ಈ ಮಶೀನ್ ಭಾಳ ಸಭ್ಯ ಐತಿ. ನೀ ತಪ್ಪ ಮಾಡಿದ್ರೂ ಏನೂ ಅನ್ನೂದಿಲ್ಲ" ಎನ್ನುವರು.

ಒಂದು ಸಂಜೆ ಯಂತ್ರಗಳ ದುರಸ್ತಿ ದಾಖಲೆ, ತಿಂಗಳಿಗೊಂದರಂತೆ ಹನ್ನೆರಡು ಕಡತ, ನನ್ನ ಪಾಲಿಗೆ ಬಂತು. ವರ್ಷದ ಡೈರೆಕ್ಟರಿಯೊಳಗೆ ಪ್ರೆಸ್ ವಿಭಾಗದ ಡೈರೆಕ್ಟರಿ ಮಾಡಿ ಅದರೊಳಗೆ ಕಾಪಿ ಮಾಡಬೇಕಿತ್ತು. ಐದೂಮುಕ್ಕಾಲರ ಲೋಕಲ್ ಹಿಡಿಯುವ ಅವಸರದಲ್ಲಿ ಒಳಗಿನ ಡೈರೆಕ್ಟರಿ ಮಾಡುವುದನ್ನೇ ಮರೆತು, ಒಂದೊಂದಾಗಿ ಹನ್ನೆರಡು ಸಲ ಕಾಪಿ ಹೊಡೆದೆ. ಯಂತ್ರ ತಕರಾರು ತೆಗೆಯಲಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆಂದು ಮೂಲ ಕಡತಗಳನ್ನೂ ಅಳಿಸಿ ಸ್ಟೇಷನ್ನಿಗೆ ಓಡಿದೆ.

ಮರುದಿನ ನೋಡಿದರೆ ಆ ಡೈರೆಕ್ಟರಿಯೇ ಇಲ್ಲ. ಯಂತ್ರ ಅದನ್ನು ಕಡತದ ಹೆಸರೆಂದೇ ತಿಳಿದು, ಆ ಹೆಸರಿನ ಒಂದೇ ಒಂದು ಕಡತ ಮಾಡಿತ್ತು. ಜನವರಿಯ ಮೇಲೆ ಫೆಬ್ರವರಿ, ಅದರ ಮೇಲೆ ಮಾರ್ಚ್ ಕೂತು, ಕೊನೆಗೆ ಉಳಿದದ್ದು ಡಿಸೆಂಬರ್ ಮಾತ್ರ.

"ಕಿಸ್ನೆ ಕಿಯಾ ಯೇ?" ಯಾರ ಕೆಲಸ ಇದು ಎಂದು ಮ್ಯಾನೇಜರ್ ಕೂಗಾಡಿದರು.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನನ್ನ ಗುರುಗಳಿಗಾದರೆ, ಗೋರೆಗಾಂವ್ ಶಾಖೆಗೆ ಬರಲಿದ್ದ ಹೊಸ ಕಂಪ್ಯೂಟರಿನ ಹೊಣೆ ಸಿಗುವುದೆಂದು ಮಾತಾಗಿತ್ತು; ಎರಡು ವರ್ಷದಿಂದ ಅದಕ್ಕೇ ಕಾದಿದ್ದರು.

"ಮೇರೆ ಹಾಥ್ ಸೇ ಹುವಾ, ಸಾಬ್" ಎಂದು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ಬಾಯಿ ಜೋರಿನವಳೆಂದು ತವರಿನಲ್ಲಿ ಹೆಸರಾದ ನಾನು ಕೀಲಿಮಣೆ ನೋಡುತ್ತ ಕೂತೆ. ಆ ಹೇಡಿತನಕ್ಕೆ ಇವತ್ತಿಗೂ ನಾಚುತ್ತೇನೆ.

ಅವರನ್ನು ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಗೋರೆಗಾಂವ್‌ಗೆ ಹೋದವಳು ನಾನು. ಹೊರಡುವ ದಿನ ಹೇಳಿಹೋಗಲು ಸ್ಟೋರಿಗೆ ಹೋದರೆ, ಬೋಲ್ಟಿನ ಪೆಟ್ಟಿಗೆ ಬದಿಗಿಟ್ಟು, "ಓದಿ ಒತ್ತು, ತಂಗಿ" ಎಂದರು, ಅಷ್ಟೇ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಇದ್ದಾಗ ಹೇಳದ್ದನ್ನು ಅವರ ಹೆಂಡತಿಗಾದರೂ ಹೇಳಬೇಕೆಂದೇ ಘಾಟ್ಕೋಪರ್‌ನ ಚಾಳಿನಲ್ಲಿದ್ದ ಅವರ ಮನೆಗೆ ಹೋದೆ.

"ಆ ಮೈಸೂರ ಕಡೆ ತಂಗಿ ನೀವ ಏನವ್ವಾ?" ಆಕೆ ನನ್ನ ಕೈ ಹಿಡಿದರು. "ತಮ್ಮ ಕೈಲೆ ಒಮ್ಮೆ ದೊಡ್ಡ ತಪ್ಪ ಆತಂತ. ಆದ್ರ ಆ ತಂಗಿ ಕೈಲೆ ಎಂದೂ ಆಗಿಲ್ಲ ಅಂತ ಭಾಳ ಹೊಗಳತಿದ್ರು."

ಅಲ್ಲ, ಆ ತಪ್ಪು ನನ್ನದೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಚಹಾದ ಲೋಟ ಮುಂದಿಟ್ಟರು. ಕುಡಿದು, ಎದ್ದು ಬಂದೆ.