ಹಿಕ್ಕೆಯ ಬುಟ್ಟಿ ಹೊತ್ತು ಮೋತ್ಯಾನನ್ನು ಕೇಳಲು ಹೋದ ದಿನ

ನಾನು ಚಿಕ್ಕವನಿದ್ದಾಗ ಮಾಡಿದ ಮೊಟ್ಟಮೊದಲ ವ್ಯಾಪಾರದಲ್ಲಿ ದೊಡ್ಡ ಪೆಟ್ಟು ತಿಂದೆ. ಮುಂದೆ ಗಜೇಂದ್ರಗಡದ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟು ಇಡೀ ಆಯುಷ್ಯ ಕೊಡುವುದು ಕೊಳ್ಳುವುದರಲ್ಲೇ ಕಳೆದೆ. ಆದರೆ ಅಂಥ ಪೆಟ್ಟು ಮತ್ತೆ ಬೀಳಲಿಲ್ಲ. ಅದಕ್ಕೇ ಅದನ್ನು ನಿಮಗೆ ಹೇಳಬೇಕು, ಮಕ್ಕಳೇ. ಗೆದ್ದ ವ್ಯಾಪಾರವನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಕೇಳಿ ಯಾರಿಗೂ ಬುದ್ಧಿ ಬರುವುದಿಲ್ಲ.

ನಮ್ಮೂರು ಲಕ್ಕಲಕಟ್ಟಿ. ನನಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ಅಪ್ಪ, ಅವ್ವ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ, ಇನ್ನೂ ನೆಟ್ಟಗೆ ನಡೆಯಲು ಬಾರದ ಪುಟ್ಟ ತಮ್ಮ. ಆರನೆಯವನು ಮೋತ್ಯಾ, ನಮ್ಮ ನಾಯಿ. ಬೆಲ್ಲದ ಬಣ್ಣದ ಮೈ, ಅಗಲವಾದ ಎದೆ. ಒಂದು ಕಿವಿ ನೆಟ್ಟಗೆ ನಿಂತರೆ ಇನ್ನೊಂದು ಯಾವಾಗಲೂ ಮಡಚಿಕೊಂಡೇ ಇರುತ್ತಿತ್ತು.

ಬೆಳಿಗ್ಗೆ ಅವ್ವ ರೊಟ್ಟಿ ಬಡಿಯಲು ಕೂತಳೆಂದರೆ ಆ ಪಟಪಟ ಸದ್ದಿಗೆ ತಮ್ಮ ಅಂಬೆಗಾಲಿಟ್ಟು ಅಡುಗೆಮನೆಯ ಹೊಸ್ತಿಲಿಗೆ ಬರುತ್ತಿದ್ದ. ಹೊಸ್ತಿಲ ಆಚೆ ಮೋತ್ಯಾ, ಈಚೆ ತಮ್ಮ. ಹಾಲಿನಲ್ಲಿ ನೆನೆಸಿದ ಬಿಸಿ ರೊಟ್ಟಿಯ ಒಂದು ತುತ್ತು ತಮ್ಮನ ಬಾಯಿಗೆ, ಇನ್ನೊಂದು ತಮ್ಮನ ಕೈಯಿಂದ ಮೋತ್ಯಾನ ಬಾಯಿಗೆ. ಅವ್ವ ಮೊದಮೊದಲು ಬೈದಳು, ಲಟ್ಟಣಿಗೆ ತೋರಿಸಿ ಹೆದರಿಸಿದಳು. ಆದರೆ ನಾಯಿ ಎದುರಿಗಿದ್ದರೆ ಮಗು ಹೊಟ್ಟೆ ತುಂಬ ತಿನ್ನುತ್ತದೆ, ಇಲ್ಲದಿದ್ದರೆ ಬಾಯಿಯನ್ನೇ ತೆರೆಯುವುದಿಲ್ಲ ಎಂದು ತಿಳಿದ ಮೇಲೆ ಅವಳೇ ಮೋತ್ಯಾನಿಗೆಂದು ಬೇರೆ ರೊಟ್ಟಿ ಮುರಿದು ಇಡತೊಡಗಿದಳು.

ತಮ್ಮ ನಿಲ್ಲಲು ಕಲಿತದ್ದೂ ಮೋತ್ಯಾನಿಂದಲೇ. ಮಲಗಿದ ನಾಯಿಯ ಕುತ್ತಿಗೆಯ ಕೂದಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಮೋತ್ಯಾ ಮೆಲ್ಲಗೆ ಏಳುತ್ತಿತ್ತು, ಅದರೊಂದಿಗೆ ತಮ್ಮನೂ ಏಳುತ್ತಿದ್ದ. ಮೋತ್ಯಾ ಒಂದು ಹೆಜ್ಜೆ ಇಟ್ಟು ಕಾಯುತ್ತಿತ್ತು. ತಮ್ಮನ ಕಾಲು ಬಂದು ಸೇರಿದ ಮೇಲೆ ಇನ್ನೊಂದು ಹೆಜ್ಜೆ. ಅವನಿಗೆ ಬರುತ್ತಿದ್ದ ಒಂದೇ ಒಂದು ಮಾತು ‘ತ್ಯಾ’. ‘ಅವ್ವ’ ಅನ್ನುವುದಕ್ಕಿಂತ ಮೊದಲು ‘ತ್ಯಾ’ ಅಂದನಲ್ಲ ಎಂದು ಅವ್ವನಿಗೆ ಒಳಗೊಳಗೇ ಸಿಟ್ಟೂ ಇತ್ತು.

ಅದು ಬೇಸಿಗೆ. ಜೋಳ, ಹತ್ತಿ ಎಲ್ಲ ಮನೆ ಸೇರಿ ಎರೆಹೊಲಗಳು ಬಾಯಿಬಿಟ್ಟುಕೊಂಡಿದ್ದವು. ಬಿರುಕಿನಲ್ಲಿ ನನ್ನ ಪಾದ ಪೂರಾ ಇಳಿಯುತ್ತಿತ್ತು. ಚೀಲದಲ್ಲಿ ಬರುವ ಗೊಬ್ಬರ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಕುರಿಗಾರರು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಅವರಿಗೆ ಜೋಳ ಕೊಟ್ಟು ಮಾತಾಡಿಕೊಂಡರೆ ರಾತ್ರಿ ಕುರಿಗಳನ್ನು ನಮ್ಮ ಹೊಲದಲ್ಲಿ ನಿಲ್ಲಿಸುತ್ತಿದ್ದರು. ಅವುಗಳ ಹಿಕ್ಕೆ, ಉಚ್ಚೆ ಮಣ್ಣಿಗೆ ಬಿದ್ದರೆ ಅದೇ ಗೊಬ್ಬರ. ಅಪ್ಪ ಒಬ್ಬ ಮುದುಕ ಕುರಿಗಾರನ ಜೊತೆ ಮೂರು ರಾತ್ರಿಗೆ ಮಾತು ಮುಗಿಸಿದ್ದ. ಆದರೆ ಬನ್ನಿಗಿಡದ ಹತ್ತಿರದ ಮೂಲೆ ಹಾಗೇ ಉಳಿಯುತ್ತಿತ್ತು. ನಾಲ್ಕನೆಯ ರಾತ್ರಿಗೆ ಕುರಿಗಾರ ಅಜ್ಜ ಒಪ್ಪಲಿಲ್ಲ, ಅಪ್ಪ ಹೆಚ್ಚು ಜೋಳ ಬಿಡಲಿಲ್ಲ. ಅಜ್ಜನ ಒಂದು ನಾಯಿಯನ್ನು ತೋಳ ತಿಂದಿತ್ತೆಂದು ನಾನು ಕೇಳಿದ್ದೆ. ಇಬ್ಬರ ನಡುವೆ ಬಾಯಿ ಹಾಕಿದೆ.

“ಯಜ್ಜಾ, ಇನ್ನೊಂದು ರಾತ್ರಿ ನಿಲ್ಲಸ್ರಿ. ನಮ್ಮ ಮೋತ್ಯಾನ್ನ ಕೊಡ್ತೀವಿ.”

ಅಜ್ಜ ಮೋತ್ಯಾನ ಎದೆ ನೋಡಿದ, ಬಾಯಿ ತೆರೆಸಿ ಹಲ್ಲು ನೋಡಿದ. “ಆತು ತಗೋ” ಅಂದುಬಿಟ್ಟ. ಅಪ್ಪ ನಕ್ಕು ನನ್ನ ಬೆನ್ನು ತಟ್ಟಿದ. “ಎಲಾ ಮಗನ! ನನಗಿಂತ ಚಲೋ ವ್ಯಾಪಾರ ಮಾಡ್ತೀಯಲ್ಲೋ!” ನನ್ನ ಎದೆ ಉಬ್ಬಿತು. ಈಗ ಒಂದು ಮಾತು ಹೇಳುತ್ತೇನೆ, ಗಂಟು ಕಟ್ಟಿಕೊಳ್ಳಿ: ಎದುರಿನವನು ಚೌಕಾಶಿ ಮಾಡದೆ ಒಂದೇ ಸಲಕ್ಕೆ ‘ಆತು’ ಅಂದನೆಂದರೆ ನೀವು ಕೊಟ್ಟದ್ದರ ಬೆಲೆ ನಿಮಗೇ ತಿಳಿದಿಲ್ಲ ಎಂದೇ ಅರ್ಥ.

ಅವ್ವನನ್ನು ನಾವು ಕೇಳಿರಲಿಲ್ಲ. ನಾಲ್ಕನೆಯ ರಾತ್ರಿ ಕಳೆದು ಬೆಳಿಗ್ಗೆ ಕುರಿಗಾರ ಅಜ್ಜ ಮೋತ್ಯಾನ ಕುತ್ತಿಗೆಗೆ ಹಗ್ಗ ಹಾಕಿ ಕರೆದೊಯ್ದ. ಅವಳು ನೀರು ಹೊತ್ತು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದು ತಮ್ಮ ಮನೆಯೆಲ್ಲ ಅಂಬೆಗಾಲಿಟ್ಟ. ತೊಟ್ಟಿಲ ಕೆಳಗೆ, ದನಗಳು ಮೇಯುವ ಗೋದಲಿಯ ಸಂದಿಯಲ್ಲಿ, ಜೋಳದ ಕಣಕಿಯ ಬಣಿವೆಯ ಹಿಂದೆ ‘ತ್ಯಾ, ತ್ಯಾ’ ಎಂದು ಹುಡುಕಿದ. ಆಮೇಲೆ ಹೊಸ್ತಿಲಿಗೆ ಬಂದು ಬಾಗಿಲ ಕಡೆ ಮುಖಮಾಡಿ ಕೂತ. ತುತ್ತು ಬಾಯಿಯ ಹತ್ತಿರ ಒಯ್ದರೆ ತುಟಿ ಬಿಗಿ ಹಿಡಿಯುತ್ತಿದ್ದ. ಅಳಲೂ ಇಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮರುದಿನವೂ ಹಾಗೇ. ಎರಡು ಗುಟುಕು ಹಾಲು ಇಳಿದರೆ ಅದೇ ದೊಡ್ಡದು.

ನಾನು ಹೇಳಬೇಕೆಂದ ದಿನ ಶುರುವಾಗುವುದು ಇಲ್ಲಿಂದ, ಮೂರನೆಯ ಬೆಳಿಗ್ಗೆಯಿಂದ. ಅಪ್ಪ ಬಂಡಿಯ ಗಾಲಿ ಬಿಗಿಸಲು ಗಜೇಂದ್ರಗಡಕ್ಕೆ ಹೊರಟಿದ್ದ. ಅವ್ವ ಬಂಡಿಯ ಮುಂದೆ ಬಂದು ನಿಂತಳು.

“ಕೂಸಿನ ಹೊಟ್ಟಿ ಬೆನ್ನಿಗೆ ಹತ್ತೇತಿ. ನಿಮಗ ಬನ್ನಿಗಿಡದ ಮೂಲಿ ದೊಡ್ಡದಾತು. ಹೋಗಿ ನಾಯಿ ತರ್ರಿ.”

“ಹ್ಯಾಂಗ ತರಲಿ? ಮಾತು ಕೊಟ್ಟಾಗೇತಿ. ಕುರಿ ನಿಂತು ಹೋಗ್ಯಾವ, ಹಿಕ್ಕಿ ಮಣ್ಣಾಗ ಬಿದ್ದೇತಿ. ಅದನ್ನ ಆರಿಸಿ ವಾಪಸ್ ಕೊಡ್ಲೇನು?”

ಅಪ್ಪ ತಲೆ ತಗ್ಗಿಸಿ ಎತ್ತು ಹೊಡೆದುಕೊಂಡು ಹೋದ. ಅವನು ಹೇಳಿದ್ದು ಬೇಸರದ ಮಾತು. ನನಗೆ ಮಾತ್ರ ಅದು ದಾರಿ ತೋರಿಸಿದ ಹಾಗೆ ಕೇಳಿಸಿತು. ಕೊಂಡದ್ದನ್ನು ವಾಪಸ್ ಕೊಟ್ಟರೆ ಕೊಟ್ಟದ್ದು ವಾಪಸ್ ಬರಲೇಬೇಕಲ್ಲ! ಸೆಗಣಿಯ ಬುಟ್ಟಿ ಎತ್ತಿಕೊಂಡು ಹೊಲಕ್ಕೆ ಓಡಿದೆ.

ಬನ್ನಿಗಿಡದ ಮೂಲೆಯಲ್ಲಿ ಕೂತು ಹಿಕ್ಕೆ ಆರಿಸತೊಡಗಿದೆ. ಮೇಲಿದ್ದವು ಒಣಗಿ ಕಡಲೆಯ ಹಾಗೆ ಸುಲಭವಾಗಿ ಕೈಗೆ ಬಂದವು. ಬಿರುಕಿಗೆ ಬಿದ್ದವನ್ನು ಕಡ್ಡಿಯಿಂದ ಕೆದರಿ ತೆಗೆಯಬೇಕಾಯಿತು. ಸ್ವಲ್ಪ ಹೊತ್ತಿಗೆ ನನ್ನ ಮೇಲೆ ನೆರಳು ಬಿತ್ತು. ತಮ್ಮನನ್ನು ಟೊಂಕದ ಮೇಲೆ ಕೂರಿಸಿಕೊಂಡು ಅಕ್ಕ ನಿಂತಿದ್ದಳು.

“ಏನ್ಲೇ, ತಲಿ ಕೆಟ್ಟೈತೇನ?”

ಹೇಳಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಹಿಕ್ಕಿ ಸಾವುಕಾರ! ಹಿಕ್ಕಿ ಸಾವುಕಾರ!” ಅಂದಳು. ನಗು ಮುಗಿದ ಮೇಲೆ ತಮ್ಮನ ಮುಖ ನೋಡಿದಳು, ಅವನನ್ನು ನೆರಳಿಗೆ ಕೂರಿಸಿದಳು, ಸೆರಗು ಸಿಕ್ಕಿಸಿಕೊಂಡು ತಾನೂ ಆರಿಸಲು ಕೂತಳು. ಮುಕ್ಕಾಲು ಬುಟ್ಟಿ ಆಯಿತು. ಅವ್ವನಿಗೆ ಹೇಳಿ, ಬುಟ್ಟಿ ನನ್ನ ತಲೆಯ ಮೇಲೆ, ತಮ್ಮ ಅಕ್ಕನ ಟೊಂಕದ ಮೇಲೆ, ಗಜೇಂದ್ರಗಡದ ದಾರಿ ಹಿಡಿದೆವು. ಕುರಿಗಾರರು ಆ ದಾರಿಯ ಪಕ್ಕದ ಹೊಲವೊಂದರಲ್ಲಿ ಇಳಿದಿದ್ದರು.

ಹೋದಾಗ ಮಂದೆ ಮೇಯಲು ಹೋಗಿತ್ತು. ಎಳೆಯ ಮರಿಗಳನ್ನು ಮುಳ್ಳಿನ ಬೇಲಿಯೊಳಗೆ ಕೂಡಿಹಾಕಿ ಅಜ್ಜ ಉಣ್ಣೆ ನೂಲುತ್ತ ಕೂತಿದ್ದ. ಹಾಲು, ಉಣ್ಣೆ, ಒಣಗಿದ ಹುಲ್ಲು ಕೂಡಿದ ವಾಸನೆ ಅಲ್ಲೆಲ್ಲ ತುಂಬಿತ್ತು.

“ಏನ್ ತಂದೀಯೋ ತಮ್ಮಾ, ಬುಟ್ಯಾಗ?”

“ನಿಮ್ಮ ಕುರಿ ಹಿಕ್ಕಿ ರೀ. ನಾಕನೇ ರಾತ್ರೀದು. ತಗೊಂಡು ನಮ್ಮ ನಾಯಿ ಕೊಟ್ಟಬಿಡ್ರಿ.”

ಅಜ್ಜನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. “ಎಲಾ ಇವನ! ಹೊಳಿಗೆ ನೀರ ಮಾರಾಕ ಬಂದಂಗಾತಲ್ಲೋ ಇದು! ಇರ್ಲಿ, ಹಿಕ್ಕಿ ತಂದಿ. ಉಚ್ಚಿ? ಅದನ್ನ ಯಾವ ಕೊಡದಾಗ ತಂದಿ?”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಕಿವಿ ಕೆಂಪಾಯಿತು. ಉಚ್ಚೆಯ ಬಾಬು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಅಷ್ಟರಲ್ಲಿ ಬೇಲಿಯೊಳಗಿಂದ ಕುಂಯ್ ಕುಂಯ್ ಸದ್ದು ಬಂತು. ಗೂಟಕ್ಕೆ ಕಟ್ಟಿದ್ದ ಮೋತ್ಯಾನ ಬೆನ್ನ ಮೇಲೆ ಒಂದು ಕುರಿಮರಿ ಹತ್ತಿ ನಿಂತಿತ್ತು. ಮೋತ್ಯಾ ನಮ್ಮನ್ನು ನೋಡಿ ಬಾಲ ಬಡಿಯುತ್ತಿತ್ತು. ಮರಿ ಬಿದ್ದೀತೆಂದು ಏಳದೆ ಇತ್ತು. ತಮ್ಮ “ತ್ಯಾ! ತ್ಯಾ!” ಎಂದು ಕಿರುಚಿ ಅಕ್ಕನ ಕೈಯಿಂದ ಜಾರಿದ. ಬೇಕಾದ ವಸ್ತುವಿನ ಮುಂದೆ ಆಸೆ ತೋರಿಸಬಾರದು ಎನ್ನುತ್ತಾರೆ. ನಮ್ಮ ಕಡೆಯ ಮುಖ್ಯಸ್ಥ ಅದನ್ನು ಮೊದಲ ಗಳಿಗೆಯಲ್ಲೇ ಮುರಿದ.

ಅಕ್ಕ ಬೇಲಿಯ ಬಾಯಿಗಿಟ್ಟ ಮುಳ್ಳು ಸರಿಸಿದಳು. ತಮ್ಮ ಅಂಬೆಗಾಲಿಟ್ಟು ಒಳಗೆ ಹೋಗಿ ಮೋತ್ಯಾನ ಕುತ್ತಿಗೆಯ ಕೂದಲು ಹಿಡಿದ. ಮರಿ ಹಾರಿ ಓಡಿತು. ಮೋತ್ಯಾ ಮೆಲ್ಲಗೆ ಎದ್ದಿತು, ತಮ್ಮನೂ ಎದ್ದ. ಹಗ್ಗ ಎಟುಕುವಷ್ಟು ದೂರ ಇಬ್ಬರೂ ಒಂದೊಂದೇ ಹೆಜ್ಜೆ ನಡೆದರು. ಅಜ್ಜನ ಕೈಯಲ್ಲಿ ನೂಲು ನಿಂತುಹೋಯಿತು.

“ಹಿಂಗೈತೇನ ಸಂಗತಿ! ಅದಕ್ಕ ಇದು ನನ್ನ ಮರಿ ಮೈ ತುಳದ್ರೂ ಸುಮ್ನ ಬಿದ್ದಿರತೈತಿ. ತೋಳ ಬಂದ್ರ ಅದರ ಮಾರೀನೂ ನೆಕ್ಕತೈತೋ ಏನೋ!” ಉಣ್ಣೆ ಕೆಳಗಿಟ್ಟು ನನ್ನ ಕಡೆ ತಿರುಗಿದ, “ಖರೇ ಐತೋ ತಮ್ಮಾ, ಕೂಸಿನ ನಾಯಿ ಇದು. ಆದ್ರ ಮಾತಂದ್ರ ಮಾತು. ನನ್ನ ಕುರಿ ಒಂದು ರಾತ್ರಿ ಪುಕ್ಕಟೆ ನಿಂತಂಗಾತಲ್ಲ, ಅದಕ್ಕೇನ ಮಾಡ್ತಿ?”

ನನ್ನಲ್ಲಿ ಕೊಡಲು ಏನೂ ಇರಲಿಲ್ಲ. ಚಡ್ಡಿಯ ಜೇಬಿನಲ್ಲಿ ಎರಡು ಗೋಲಿ ಗುಂಡು, ಅಷ್ಟೇ. ಬುಟ್ಟಿ ನೋಡಿದೆ, ತಮ್ಮನನ್ನು ನೋಡಿದೆ. ಬಾಯಿಗೆ ಬಂದದ್ದು ಹೇಳಿದೆ.

“ನಿಮ್ಮ ಕುರಿ ಒಂದು ರಾತ್ರಿ ನಿಂತಾವ. ನಾ ಒಂದು ಹಗಲು ನಿಂದರ್ತೀನ್ರಿ. ನೀವು ಹೇಳಿದ ಕೆಲಸಾ ಮಾಡ್ತೀನಿ.”

“ಹೊತ್ತು ಮುಣಗೋತನಕ?”

“ಹೂನ್ರಿ. ಊಟಾ ಮಾತ್ರ ನಿಮ್ದು. ನಮ್ಮ ಮೂವರದೂ.”

“ಇಂವ ನನ್ನ ಕುರಿಮಂದೀನ ಮಾರಿ ಹೋಗ್ತಾನ” ಎಂದು ಅಜ್ಜ ಆಕಾಶಕ್ಕೆ ಕೈ ಎತ್ತಿದ. ಆದರೆ ‘ಆತು’ ಅಂದ.

ಆ ಹಗಲು ನಾನು ನಿಂತೆ. ಬಾವಿಯಿಂದ ಕೊಡಪಾನದಲ್ಲಿ ನೀರು ತಂದು ಮರಿಗಳಿಗೆ ಕುಡಿಸಿದೆ. ಬನ್ನಿಯ ಟೊಂಗೆ ಕಡಿದು ಎಲೆ ಹಾಕಿದೆ. ಮೊಣಕೈವರೆಗೆ ಮುಳ್ಳು ಗೀರಿದವು. ಬೇಲಿ ಹಾರಿದ ಒಂದು ಪುಂಡ ಮರಿಯ ಹಿಂದೆ ಅರ್ಧ ಹೊಲ ಓಡಿದೆ. ದಣಿದು ಒಮ್ಮೆ ಕುಕ್ಕರಿಸಿದರೆ ಅಜ್ಜ ಕೂಗಿದ, “ನಿಂದರ್ತೀನಿ ಅಂದೀ, ಕುಂದ್ರತೀನಿ ಅಂದಿಲ್ಲ!” ಮಧ್ಯಾಹ್ನ ಅಗಲವಾದ ಪರಾತದಲ್ಲಿ ಜೋಳದ ನುಚ್ಚಿಗೆ ಕುರಿಯ ಹಾಲು ಸುರಿದು ಕೊಟ್ಟ. ಅಕ್ಕ ತುತ್ತು ಮಾಡಿ ತಮ್ಮನ ಬಾಯಿಯ ಹತ್ತಿರ ಒಯ್ದಳು. ತಮ್ಮ ಬಾಯಿ ತೆರೆದ. ಮುಂದಿನ ತುತ್ತನ್ನು ತಾನೇ ಎತ್ತಿ ಮೋತ್ಯಾನಿಗೆ ಕೊಟ್ಟ. ಆಮೇಲೆ ತಾನು, ಆಮೇಲೆ ಮೋತ್ಯಾ. ಪರಾತ ಬರಿದಾಯಿತು. ಅಕ್ಕ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಕೇಳಿದರೆ ಒಲೆಯ ಹೊಗೆ ಅಂದಳು. ಒಲೆ ಯಾವಾಗಲೋ ಆರಿತ್ತು.

ಹೊತ್ತು ಇಳಿಯಿತು. ಮಂದೆ ಧೂಳೆಬ್ಬಿಸಿಕೊಂಡು ಬಂತು. ತಾಯಿಗಳು, ಮರಿಗಳು ಒಂದನ್ನೊಂದು ಕೂಗುತ್ತ ಹುಡುಕುವ ಗದ್ದಲದಲ್ಲಿ ಬಂಡಿಯ ಸದ್ದು ನಮಗೆ ಕೇಳಿಸಲೇ ಇಲ್ಲ. ನೋಡಿದರೆ ಅಪ್ಪ ನಿಂತಿದ್ದ, ಪಂಚೆಯ ಮರೆಯಲ್ಲಿ ಏನನ್ನೋ ಹಿಡಿದುಕೊಂಡು. ನಮ್ಮನ್ನು ಗಮನಿಸದೆ ನೇರ ಅಜ್ಜನ ಹತ್ತಿರ ಹೋದ.

“ಒಂದೀಟು ಬೆಲ್ಲ ತಂದಿದ್ನೆಪಾ ಹಿರ್ಯಾ. ಮಾತಿಗೆ ತಪ್ಪಬಾರದು, ಖರೇ. ಆದ್ರ ಮನ್ಯಾಗ ಸಣ್ಣ ಕೂಸು ಉಣವಲ್ದು...”

“ನಿನ್ನ ಕೂಸು ನನ್ನ ಮನಿ ನುಚ್ಚೆಲ್ಲಾ ಉಂಡು ಅಲ್ಲಿ ಮಲಗೇತಿ ನೋಡು” ಎಂದ ಅಜ್ಜ. ಮೋತ್ಯಾನ ಹೊಟ್ಟೆಗೆ ತಲೆಯಿಟ್ಟು ತಮ್ಮ ನಿದ್ದೆ ಹೋಗಿದ್ದ. “ನಾಯಿ ನಿಮ್ದ ಆತು. ನಿನ್ನ ಹಿರಿಮಗ ಬಿಡಿಸ್ಕೊಂಡಾನ. ಬೆಲ್ಲಾ ಮಾತ್ರ ನಾ ವಾಪಸ್ ಕೊಡೂದಿಲ್ಲ.”

ಅಪ್ಪ ನನ್ನ ಕೈಯ ಗೀರುಗಳನ್ನು ನೋಡಿದ. ನನ್ನನ್ನು ಎತ್ತಿ ಬಂಡಿಯ ಮುಂದೆ, ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಹೊರಡುವಾಗ, “ಆ ಬುಟ್ಟೀನೂ ಹಾಕಿಕೋ, ಗೊಬ್ಬರ ಯಾಕ ಬಿಡೂದು” ಅಂದ. ಮನೆಯಲ್ಲಿ ಅವ್ವ ಮೊದಲು ತಮ್ಮನನ್ನು, ಆಮೇಲೆ ನಾಯಿಯನ್ನು, ಕಡೆಗೆ ನನ್ನನ್ನು ಮುಟ್ಟಿ ನೋಡಿದಳು.

ಬನ್ನಿಗಿಡದ ಮೂಲೆಯಲ್ಲಿ ಆ ವರ್ಷ ಜೋಳ ಹೇಗೆ ಬಂತೋ ನನಗೆ ನೆನಪಿಲ್ಲ. ಯಾರು ಯಾವ ಸಂತೆಯಲ್ಲಿ ಯಾವ ದರ ಹೇಳಿದರೆಂದು ಇವತ್ತಿಗೂ ಹೇಳಬಲ್ಲೆ, ಅದೊಂದು ನೆನಪಿಲ್ಲ. ಅಂದು ನಾಯಿಯ ಹೊಟ್ಟೆಗೆ ತಲೆಯಿಟ್ಟು ಮಲಗಿದವನೇ ಈಗ ಹಬ್ಬಕ್ಕೆ ಬಂದು ನಿಮಗೆಲ್ಲ ಗದರಿಸುವ ದಪ್ಪ ಮೀಸೆಯ ನಿಮ್ಮ ಸಣ್ಣಜ್ಜ. ನಂಬುವುದು ಕಷ್ಟ, ನನಗೆ ಗೊತ್ತು.

ಗದಗಿನ ನಿಮ್ಮ ಮನೆಗೆ ನಾಯಿ ಕಾರಿನಲ್ಲಿ ಬಂತು. ಅದಕ್ಕೆ ಮೆತ್ತನೆಯ ಹಾಸಿಗೆ ಇದೆ, ಪೊಟ್ಟಣದ ಊಟ ಇದೆ, ಸೂಜಿ ಹಾಕಿಸಿದ ಚೀಟಿ ಇದೆ. ಸೂಜಿ ಹಾಕಿಸುವುದು ಒಳ್ಳೆಯದೇ. ನಮಗೆ ಆ ತಿಳಿವಳಿಕೆ ಇರಲಿಲ್ಲ. ನಿಮ್ಮ ಪುಟ್ಟ ತಂಗಿಗೆ ನಡೆಯಲು ಕಲಿಸುವ ಗಾಲಿಯ ಗಾಡಿ ಇದೆ, ಒತ್ತಿದರೆ ಹಾಡುತ್ತದೆ. ನಾನೇ ಅದನ್ನು ಅರ್ಧ ತಾಸು ಚೌಕಾಶಿ ಮಾಡಿ ಕೊಡಿಸಿದ್ದು, ನಿಮಗೆ ನೆನಪಿರಬೇಕು. ಮೊನ್ನೆ ಫೋನಿನಲ್ಲಿ ಹೇಳಿದಿರಿ, ಕೂದಲು ಉದುರುತ್ತದೆಂದು ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುವ ಮಾತು ನಡೆದಿದೆ ಎಂದು. ಮನೆಯಲ್ಲಿ ಎಲ್ಲರನ್ನೂ ಕೇಳಿದಿರಂತೆ, ನನ್ನನ್ನೂ ಕೇಳಿದಿರಿ. ಅಂಬೆಗಾಲಿಡುವವಳನ್ನು ಮಾತ್ರ ಯಾರೂ ಕೇಳಿದ ಹಾಗಿಲ್ಲ. ಮಾತು ಬಾರದವಳನ್ನು ಕೇಳುವುದು ಹೇಗೆ ಅನ್ನುತ್ತೀರಾ? ಕಷ್ಟವೇನಲ್ಲ. ಒಂದು ಹೊತ್ತು ನಾಯಿಯನ್ನು ಹೊರಗೆ ಕಟ್ಟಿ, ಅವಳ ತಟ್ಟೆಯನ್ನು ಅವಳ ಮುಂದೆ ಇಡಿ. ಉಂಡರೆ ನಿಮ್ಮ ಇಷ್ಟ. ಉಣ್ಣದೆ ಬಾಗಿಲ ಕಡೆಗೇ ನೋಡುತ್ತ ಕೂತರೆ, ನನಗೆ ಫೋನು ಗೀನು ಮಾಡುತ್ತ ಹೊತ್ತು ಕಳೆಯಬೇಡಿ; ಎದ್ದು ಬಾಗಿಲು ತೆಗೆಯಿರಿ.