ಎಡಗಡೆಯ ಗುಂಡಿ

ತಗಡು ಒತ್ತುವ ಪ್ರೆಸ್ ಮಷೀನಿಗೆ ಭುಜದೆತ್ತರದಲ್ಲಿ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ಆಗ ಎರಡೂ ಕೈ ಹೊರಗೇ ಇರುತ್ತವೆ. ನಮ್ಮ ಪೀಣ್ಯದ ಕಾರ್ಖಾನೆಯಲ್ಲಿ ಕೆಲವರು ಎಡಗಡೆಯ ಗುಂಡಿ ಒತ್ತಿಯೇ ಇರುವಂತೆ ಮಡಚಿದ ರಟ್ಟು ಸಿಕ್ಕಿಸಿ ಒಂದೇ ಕೈಯಲ್ಲಿ ಕೆಲಸ ಮಾಡುತ್ತಿದ್ದರು. ಇಂಜಿನಿಯರಿಂಗ್ ಓದಿ ಅಲ್ಲಿ ಸೂಪರ್‌ವೈಸರ್ ಆಗಿದ್ದ ನಾನು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ. ಕಂಡಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಂಡಿತ್ತು, ಅಷ್ಟೇ.

ಒಂದು ಬೆಳಿಗ್ಗೆ ರಾಯಚೂರು ಕಡೆಯ ಒಬ್ಬ ಅಕ್ಕ, ಸಿಕ್ಕಿಕೊಂಡ ತಗಡನ್ನು ಎಳೆಯಲು ಎಡಗೈ ಒಳಗಿಟ್ಟರು. ಬಲಗೈ ಗುಂಡಿಗೆ ತಾಗಿತು. ನಾನು ಎರಡು ಮಾರು ದೂರದಲ್ಲಿದ್ದೆ. ಕೂಗಲಿಲ್ಲ. ಅಚ್ಚು ಇಳಿಯಿತು, ಅವರ ಕೈ ಹೊರಗೆ ಬಂತು, ಗ್ಲೌಸು ಒಳಗೇ ಉಳಿಯಿತು.

"ಅಕ್ಕಾ, ಗ್ಲೌಸ್ ಕಂಪನೀದು, ಬೆರಳು ನಿಮ್ದು. ಸರಿಯಾದ್ದನ್ನೇ ಉಳಿಸ್ಕೊಂಡ್ರಿ ಬಿಡಿ," ಎಂದು ಪಕ್ಕದ ಮಷೀನಿನವನು ನಗಾಡಿದ. ಅಕ್ಕನೂ ನಕ್ಕರು.

ಅವತ್ತೇ ಎಲ್ಲ ರಟ್ಟುಗಳನ್ನೂ ತೆಗೆಸಿದೆ. ಆಮೇಲೆ ನನಗೆ ಕೈಗಳನ್ನು ಬಿಟ್ಟು ಬೇರೇನೂ ಕಾಣದಾಯಿತು. ದಾಸರಹಳ್ಳಿಯಲ್ಲಿ ಎಳನೀರು ಕೆತ್ತುವವನ ಹೆಬ್ಬೆರಳು, ಮೆಟ್ರೋ ಬಾಗಿಲ ಅಂಚಿನಲ್ಲಿ ಯಾರದೋ ಬೆರಳು. ಹೆದರಿಕೆಯೂ ಅಲ್ಲ, ಮರುಕವೂ ಅಲ್ಲ. ಟೀ ಕುಡಿಯುವಾಗ ಕಣ್ಣೆದುರು ಅಚ್ಚು ಇಳಿಯುತ್ತದೆ. ಮತ್ತೆ ಇಳಿಯುತ್ತದೆ.

ವಾರದ ನಂತರ ಆ ಅಕ್ಕನ ಹಿಂದೆ ನಿಂತು ಅವರ ಕೈಗಳನ್ನೇ ನೋಡುತ್ತಿದ್ದೆ. ಅವರು ಕೆಲಸ ನಿಲ್ಲಿಸಿ ತಿರುಗಿದರು.

"ಬರೇ ಕೈ ನೋಡಾಕತ್ತೀರಲ್ರಿ ಮೇಡಂ. ಮಾರಿ ಒಮ್ಮೆ ನೋಡ್ರಿ."

ಮುಖವೆಲ್ಲ ಬೆವರು. ತುಟಿ ಕಚ್ಚಿಕೊಂಡ ಗುರುತಿತ್ತು.

"ಎಡಗೈ ಮ್ಯಾಲ ಎತ್ತಾಕ ಆಗಂಗಿಲ್ರಿ. ಮಳಿಗಾಲದಿಂದ ಭುಜ ಹಿಡದೈತಿ. ಅದಕ್ಕ ರಟ್ಟು ಇಟ್ಟಿದ್ನಿ."

ಬೇಗ ಬೇಗ ಕೆಲಸ ಮುಗಿಸಲು ಇಡುತ್ತಾರೆ ಎಂದುಕೊಂಡಿದ್ದೆ. ಅವತ್ತಿನ ಘಟನೆಯ ವರದಿಯಲ್ಲೂ ಹಾಗೇ ಬರೆದಿದ್ದೆ. ಒಬ್ಬರನ್ನೂ ಕೇಳಿರಲಿಲ್ಲ.

"ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕ?"

"ಹೇಳಿದ್ರ ಮನೀಗೆ ಕಳಸ್ತಿದ್ರಿ."

ಕುಳಿತು ಮಾಡುವ ಪ್ಯಾಕಿಂಗ್ ಕೆಲಸಕ್ಕೆ ಅವರನ್ನು ಹಾಕಿ ಎಂದು ಮ್ಯಾನೇಜರಿಗೆ ಚೀಟಿ ಬರೆಯತೊಡಗಿದೆ. ಭುಜದ ನೋವು ಎಂದು ಬರೆದರೆ ಅವರ ಕೆಲಸ ಹೋಗಬಹುದು. ಬರೆಯದಿದ್ದರೆ ನಾಳೆಯೂ ಅದೇ ಮಷೀನು. ಬರೆದೆ.

"ಕೆಲಸದಾಗ ಇಟಗೋತಾರಲ್ರಿ?"

"ಇಟ್ಕೋತಾರೆ," ಅಂದೆ. ನನಗೆ ಗೊತ್ತಿರಲಿಲ್ಲ. ಮ್ಯಾನೇಜರ್ ಕೋಣೆಯತ್ತ ನಡೆದೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆಯೇ ಬಂದರು.