ಕದಡಿದ ಅಕ್ಷರದ ಕೀಬೋರ್ಡು

ಆ ಅಂಗಡಿಯವನ ಮೇಲಿನ ಕೋಪ ನನಗೆ ಇನ್ನೂ ಇಳಿದಿಲ್ಲ.

ನಾನು ಶಾಲೆಗೆ ಹೋದವಳಲ್ಲ. ಅಕ್ಷರ ಕಲಿತದ್ದು ಮಕ್ಕಳು ದೊಡ್ಡವರಾದ ಮೇಲೆ, ಊರಿನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ. ಒತ್ತಕ್ಷರದಲ್ಲಿ ಈಗಲೂ ತಪ್ಪುತ್ತೇನೆ. ಆದರೂ ಬರೆಯುವ ಚಟ ಹಿಡಿಯಿತು. ಕಾಫಿ ಕೊಯ್ಲಿನಲ್ಲಿ ಯಾರು ಯಾರಿಗೆ ಏನಂದರು, ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು, ಸತ್ತ ಗಂಡ ಎಂಥ ಮೊಂಡನಿದ್ದ, ಎಲ್ಲ ಬರೆಯುತ್ತಿದ್ದೆ. ಆಮೇಲೆ ಕೈ ನಡುಗಲು ಶುರುವಾಯಿತು. ಪೆನ್ನು ಹಿಡಿದರೆ ಕೋಳಿ ಕೆದರಿದ ಹಾಗೆ ಗೆರೆ. ಇದು ಹೋಗುವ ನಡುಕ ಅಲ್ಲ ಅಂದರು ಡಾಕ್ಟರು.

ಫೋನಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಎಲ್ಲರೂ ಬುದ್ಧಿ ಹೇಳಿದರು. ಮನೆ ತುಂಬ ಜನ, ನಾನು ಬರೆಯುವುದೇ ಅವರ ವಿಷಯ. ಗಟ್ಟಿಯಾಗಿ ಹೇಳಿ ಬರೆಸುವುದಾದರೆ ಬರೆಯುವುದು ಏಕೆ, ನೇರ ಜಗಳಕ್ಕೇ ನಿಲ್ಲಬಹುದು.

ಗೋಣಿಬೀಡಿನಲ್ಲಿರುವ ಮಗಳು ಒಂದು ಭಾರದ ಕೀಬೋರ್ಡು ತಂದು ಫೋನಿಗೆ ಜೋಡಿಸಿಕೊಟ್ಟಳು. ಪ್ರತಿ ಕೀಗೂ ಕೆಳಗೆ ಅದರದ್ದೇ ಸ್ಪ್ರಿಂಗು. ಬೆರಳು ಸುಮ್ಮನೆ ತಾಗಿದರೆ ಅದು ಬರೆಯುವುದಿಲ್ಲ, ಒತ್ತಿದರೆ ಟಕ್ ಎನ್ನುತ್ತದೆ. ನನ್ನ ನಡುಗುವ ಕೈಗೆ ಅದು ಸರಿಹೋಯಿತು. ಆದರೆ ಮೇಲಿದ್ದದ್ದೆಲ್ಲ ಇಂಗ್ಲಿಷ್ ಅಕ್ಷರ, ನನಗೆ ಅದು ಗೊತ್ತಿಲ್ಲ. ಮಗಳು ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದಳು. ಮಳೆ ಹಿಡಿದದ್ದೇ ಅಂಟು ಸಡಿಲವಾಯಿತು. ಒಂದು ದಿನ ‘ಕ’ ಬೆರಳಿಗೆ ಅಂಟಿಕೊಂಡು ಅಡುಗೆಮನೆಯ ತನಕ ಬಂದಿತ್ತು.

ಆಗ ಇಬ್ಬರೂ ಚಿಕ್ಕಮಗಳೂರಿಗೆ ಹೋದೆವು, ಮಗ್ಗಿನ ಮೇಲೆ, ಅಂಗಿಯ ಮೇಲೆ ಫೋಟೊ ಒತ್ತಿಕೊಡುವ ಒಂದು ಅಂಗಡಿಗೆ. ಅಂಗಡಿಯವನು ಬಿಳಿಯ ಖಾಲಿ ಕ್ಯಾಪುಗಳನ್ನು ತೋರಿಸಿದ. ಕೀಗಳ ತಲೆಯ ಮೇಲೆ ಟೋಪಿಯ ಹಾಗೆ ಕೂರುವಂಥವು ಅವು. ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕಾಗದದ ಮೇಲೆ ತೆಗೆಯಬೇಕಂತೆ. ಕ್ಯಾಪುಗಳನ್ನು ಅಚ್ಚಿನಲ್ಲಿ ಸಾಲಾಗಿ ಕೂರಿಸಿ, ಮೇಲೆ ಆ ಕಾಗದ ಹಾಸಿ, ಬಿಸಿ ಯಂತ್ರದಲ್ಲಿ ಒತ್ತಬೇಕಂತೆ. ಬಿಸಿಗೆ ಇಂಕು ಆವಿಯಾಗಿ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿಯುತ್ತದೆ.

“ನೀರು, ಸೋಪು, ಬೆವರು, ಎಂತಕ್ಕೂ ಜಗ್ಗಲ್ಲ ಅಜ್ಜಿ” ಅಂದ. ನಂಬಿದೆ.

ಹೇಳಿದ ದಿನಕ್ಕೆ ಹೋಗಿ ಪೊಟ್ಟಣ ಬಿಚ್ಚಿದರೆ ಅಕ್ಷರಗಳೆಲ್ಲ ಕದಡಿಹೋಗಿವೆ. ಒದ್ದೆ ಬಟ್ಟೆಯ ಮೇಲೆ ಶಾಯಿ ಬಿದ್ದ ಹಾಗೆ ಅಂಚು ಹಬ್ಬಿ, ಒಳಗಿನ ಸಣ್ಣ ಗೆರೆಗಳು ಮುಚ್ಚಿಕೊಂಡು, ಪ, ಫ, ಷ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಚೆನ್ನಾಗಿ ಓದು ಬರುವವರು ಅಂದಾಜಿನಲ್ಲಿ ಓದಿಕೊಂಡಾರು. ನಾನು ಒಂದೊಂದು ಅಕ್ಷರವನ್ನೂ ನೋಡಿ, ಗುರುತು ಹಿಡಿದು ಒತ್ತುವವಳು.

ಅವನು ನನ್ನ ಮುಖ ನೋಡಲಿಲ್ಲ. ಮಗಳಿಗೆ ಹೇಳಿದ: “ಮಳೆಗಾಲ ಅಲ್ವಾ ಮೇಡಂ, ಪೇಪರು ತೇವ ಎಳ್ಕೊಂಡಿತ್ತು. ಸ್ವಲ್ಪ ಹಬ್ಬಿದೆ ಅಷ್ಟೇ. ಅಜ್ಜಿಗೆ ಇಷ್ಟು ಸಾಕಲ್ಲ.”

“ತೇವ ಇದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?” ಎಂದೆ.

“ಈ ಟೈಮಲ್ಲಿ ಇರೋದೇ ಅಜ್ಜಿ. ದೊಡ್ಡ ಕೆಲ್ಸ ಆದ್ರೆ ಪೇಪರು ಮೊದ್ಲು ಬಿಸಿಗೆ ಒಣಗಿಸ್ಕೋತೀವಿ.”

“ನಂದು ಸಣ್ಣ ಕೆಲ್ಸವಾ?”

“ಹಂಗಲ್ಲ, ನೀವು ಟೈಂಪಾಸಿಗೆ ತಾನೆ...”

“ಒರೆಸಿ ಮತ್ತೆ ಬರಿ.”

“ಒರೆಸೋಕೆ ಬರಲ್ಲ. ಒಳಗೆ ಇಳಿದುಬಿಟ್ಟಿದೆ.”

ಒಳ್ಳೆಯದಕ್ಕೆ ಹೇಳಿದ ಮಾತನ್ನೇ ಕೆಟ್ಟದ್ದಕ್ಕೂ ಹೇಳಿದ. ಅವನ ಹಿಂದಿನ ಶೆಲ್ಫಿನಲ್ಲಿ ಯಾರದೋ ಮದುವೆಯ ಫೋಟೊ ಒತ್ತಿದ ಮಗ್ಗುಗಳಿದ್ದವು. ಹುಡುಗಿಯ ಕಣ್ಣಿನ ರೆಪ್ಪೆ ಸಮೇತ ಎದ್ದು ಕಾಣುತ್ತಿತ್ತು. ಮಳೆಗಾಲ ಆ ಹುಡುಗಿಯ ರೆಪ್ಪೆಗೆ ಇರಲಿಲ್ಲ, ನನ್ನ ‘ಷ’ಕ್ಕೆ ಮಾತ್ರ ಇತ್ತು. ಕೈಲಾಗದೆ ಕೆಡಿಸಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇವನು ಗೊತ್ತಿದ್ದೂ ಕೆಡಿಸಿದವನು. ಮುದುಕಿಗೆ ಏನು ಕಾಣುತ್ತದೆ, ಕಂಡರೂ ಏನು ಬರೆಯುತ್ತಾಳೆ ಎಂದು.

“ನಾವು ಒದ್ದೆ ಕಾಫಿ ಮೂಟೆ ಕಟ್ಟಿ ತಂದು, ಮಳೆಗಾಲ ಅಲ್ವಾ ಸಾಹುಕಾರ್ರೇ ಅಂದ್ರೆ ಯಾರಾದ್ರೂ ತಗೋತಾರಾ ಮಾರಾಯ?” ಎಂದೆ. “ಮತ್ತೊಂದು ಸಲ ಮಾಡು. ನಾನು ಇಲ್ಲೇ ಕೂತಿರ್ತೇನೆ.”

“ನಾಳೆ ಮಾಡಿ ಕಳಿಸ್ತೀನಿ.”

“ನಾಳೆಯೂ ನಾನು ಅಜ್ಜಿಯೇ ಆಗಿರ್ತೇನೆ. ಈಗ್ಲೇ ಮಾಡು.”

ಮಗಳು ಸೆರಗು ಎಳೆದಳು. “ಅಮ್ಮ, ಬಸ್ಸು ತಪ್ಪುತ್ತೆ. ಜನ ನೋಡ್ತಿದ್ದಾರೆ.”

“ನೋಡ್ಲಿ. ಅವರೂ ಇವನ ಹತ್ರ ಮಗ್ಗು ಮಾಡಿಸೋಕೆ ಬಂದವರೇ.”

ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತೆ. ಒಳಗೆ ಬರುವವರು ನನ್ನನ್ನು ದಾಟಿಯೇ ಬರಬೇಕು. ಬಂದವರೊಬ್ಬರು ಏನಾಯಿತಮ್ಮ ಎಂದು ಕೇಳಿದರು. ಒಂದು ಹಬ್ಬಿದ ಕ್ಯಾಪು ಅವರ ಕೈಗೆ ಕೊಟ್ಟು, ಇದು ಯಾವ ಅಕ್ಷರ ಓದಿ ಎಂದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. ಅಂಗಡಿಯವನು ಬೇರೆ ಖಾಲಿ ಕ್ಯಾಪುಗಳ ಚೀಲ ಒಡೆದ.

ಕಾಗದವನ್ನು ಮೊದಲು ಬಿಸಿಗೆ ಹಿಡಿದ. ಬೆಚ್ಚನೆಯ ಆವಿ ಎದ್ದಿತು. ಅಷ್ಟೇ ಕೆಲಸ. ಬಾಯಿಗೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಅಷ್ಟನ್ನೂ ನನಗಾಗಿ ಮಾಡಿರಲಿಲ್ಲ. ಆಮೇಲೆ ಒತ್ತಿ, ತಣಿಸಿ, ಕಾಗದ ಎತ್ತಿದ. ಅಕ್ಷರಗಳು ಚೊಕ್ಕವಾಗಿ, ಕಪ್ಪಗೆ ಬಂದಿದ್ದವು. ಎಲ್ಲವನ್ನೂ ಒಂದೊಂದಾಗಿ ಕಣ್ಣ ಹತ್ತಿರ ಹಿಡಿದು ನೋಡಿದೆ. ಅವನು ಉಸ್ಸೆನ್ನುತ್ತಿದ್ದ. ಅನ್ನಲಿ.

“ಕೆಟ್ಟವನ್ನೂ ಕೊಡು” ಎಂದೆ.

“ಅವು ಯಾಕೆ ಅಜ್ಜಿ?”

“ನಾಳೆ ಇನ್ನೊಂದು ಮುದುಕಿಗೆ ಸಾಕು ಅಂತೀಯ.”

ಕೊಟ್ಟ. ಬಸ್ಸು ಹತ್ತಿದೆವು. ಮೂಡಿಗೆರೆ ಹತ್ತಿರ ಬಂದಾಗ, “ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ನೀನು” ಅಂದಳು ಮಗಳು. ಮೆತ್ತಗೆ ಹೇಳಿದ್ದರೆ ಆ ಹಬ್ಬಿದ ಕ್ಯಾಪುಗಳನ್ನೇ ಮಡಿಲಲ್ಲಿ ಇಟ್ಟುಕೊಂಡು ಬರುತ್ತಿದ್ದೆವು. ಅವಳಿಗೂ ಅದು ಗೊತ್ತು.

ಕೈಯ ನಡುಕ ಹಾಗೇ ಇದೆ. ಒಮ್ಮೊಮ್ಮೆ ಒಂದೇ ಅಕ್ಷರ ಎರಡು ಸಲ ಬೀಳುತ್ತದೆ, ಅಳಿಸುತ್ತೇನೆ. ಇದನ್ನು ಒತ್ತಿ ಮುಗಿಸಲು ದಿನಗಟ್ಟಲೆ ಹಿಡಿಯಿತು. ಯಾರ ಹತ್ತಿರವೂ ಹೇಳಿ ಬರೆಸಲಿಲ್ಲ.